ಕಾಲಿಗೆ ಜಿಪಿಎಸ್ ಪಟ್ಟಿ: ಸಾಯೋವರೆಗೂ ಕಟ್ಟಬಹುದಾ?

ಲೈಂಗಿಕ ಅಪರಾಧಿ ಶಿಕ್ಷೆ ಮುಗಿಸಿ ಹೊರಬಂದ ಮೇಲೂ ಜೀವನಪೂರ್ತಿ ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟಿ, ಉಪಗ್ರಹದ ಮೂಲಕ ನಿಗಾ ಇಡಬಹುದಾ? ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ಹೀಗೇ ಮಾಡುತ್ತಿತ್ತು. 2015ರಲ್ಲಿ ಗ್ರೇಡಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮೈಗೆ ಯಂತ್ರ ಕಟ್ಟಿ ಓಡಾಟ ಗಮನಿಸುವುದೂ ‘ಶೋಧ’ವೇ ಎಂದಿತು. ಹಾಗಂತ ನಿಷೇಧಿಸಲಿಲ್ಲ, ಈ ಶೋಧ ಸಮಂಜಸವೇ ನೋಡಿ ಅಂತ ಕೇಸನ್ನು ವಾಪಸ್ ಕಳಿಸಿತು.

2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಹಿಂದೆಯೂ ಅಪರಾಧ ಮಾಡಿದ್ದ ಎಂಬ ಒಂದೇ ಕಾರಣಕ್ಕೆ ಶಿಕ್ಷೆ ಮುಗಿದವನಿಗೆ ಆಜೀವ ಪಟ್ಟಿ ಕಟ್ಟುವುದು ಸಂವಿಧಾನಬಾಹಿರ ಎಂದಿತು. ಪಟ್ಟಿಯಿಂದ ಅಪರಾಧ ತಗ್ಗುತ್ತೆ ಅನ್ನೋದಕ್ಕೆ ಸರ್ಕಾರ ಪುರಾವೆಯನ್ನೇ ಕೊಟ್ಟಿರಲಿಲ್ಲ. ಮಕ್ಕಳಿರುವ ಮನೆಯವರಿಗೆ ಇದು ಸುಲಭಕ್ಕೆ ಒಪ್ಪುವ ಮಾತಲ್ಲ, ನಿಜ.

ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಜುಲೈನಲ್ಲಿ, ಡ್ರಗ್ಸ್ ಕೇಸೊಂದರಲ್ಲಿ, ಜಾಮೀನು ಪಡೆದವನು ಗೂಗಲ್ ಮ್ಯಾಪ್ ಲೊಕೇಶನ್ ಪೊಲೀಸರಿಗೆ ತೋರಿಸುತ್ತಿರಬೇಕೆಂಬ ಷರತ್ತನ್ನು ರದ್ದುಮಾಡಿದೆ. ಆದರೆ ಆತ ಇನ್ನೂ ಆರೋಪಿ, ಅಪರಾಧಿಯಲ್ಲ.