ಹಳೆಯ ಮನೆಗಳ ಒಳಗೋಡೆಗಳನ್ನು ತೆಗೆಯುವ ಮುನ್ನ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಹಳೆಯ ಮನೆಗಳನ್ನು ನವೀಕರಿಸುವಾಗ ಎರಡು ಕೊಠಡಿಗಳನ್ನು ಒಂದುಗೂಡಿಸಲು ಅಥವಾ ಅಡುಗೆಮನೆಗೆ ಗಾಳಿ ಬೆಳಕು ಒದಗಿಸಲು ಒಳಗೋಡೆಗಳನ್ನು ತೆಗೆಯುವುದು ಸಾಮಾನ್ಯವಾಗಿದೆ. ಕಾಂಕ್ರೀಟ್ ಕಂಬ ಮತ್ತು ತೊಲೆಗಳ ಚೌಕಟ್ಟಿನ ಮೇಲೆ ನಿಂತ ಕಟ್ಟಡಗಳಲ್ಲಿ ಒಳಗೋಡೆಯು ಬಹುಮಟ್ಟಿಗೆ ಮರೆಯಾಗಿರುತ್ತದೆ. ಆದರೆ ಸುಣ್ಣದ ಗಾರೆ ಅಥವಾ ಮಣ್ಣಿನಿಂದ ಕಟ್ಟಿದ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಇಂತಹ ಚೌಕಟ್ಟು ಇರುವುದಿಲ್ಲ. ಚಾವಣಿಯ ಭಾರವನ್ನು ಹೆಚ್ಚಾಗಿ ಗೋಡೆಗಳೇ ಹೊರುತ್ತವೆ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಭಾರ ಹೊರುವ ಗೋಡೆಯನ್ನು ಗುರುತಿಸುವುದು

ಮದ್ರಾಸ್ ತಾರಸಿಯ ಮನೆಗಳಲ್ಲಿ ಮರದ ಜಂತೆಗಳ ತುದಿಗಳು ಯಾವ ಗೋಡೆಗಳ ಮೇಲೆ ಕುಳಿತಿವೆಯೋ ಅವು ಭಾರ ಹೊರುವ ಗೋಡೆಗಳು. ಕಲ್ಲು ಚಪ್ಪಡಿ ಹೊದಿಸಿದ ಮನೆಗಳಲ್ಲಿ ಚಪ್ಪಡಿಯ ಎರಡೂ ತುದಿಗಳ ಕೆಳಗಿನ ಗೋಡೆಗಳನ್ನು ನೋಡಬೇಕು. ಕಲ್ಲು ಬಾಗುವುದಿಲ್ಲ, ಆಸರೆ ತಪ್ಪಿದಲ್ಲಿ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಹೆಂಚಿನ ಮನೆಗಳಲ್ಲಿ ತೊಲೆ ಮತ್ತು ಪಕಾಸಿಗಳು ಎಲ್ಲಿ ಊರಿವೆ ಎಂಬುದನ್ನು ಪರಿಶೀಲಿಸಬೇಕು. ಮಹಡಿಯಿದ್ದಲ್ಲಿ, ಮೇಲಿನ ಗೋಡೆಯು ಕೆಳಗಿನ ಗೋಡೆಯ ಮೇಲೆಯೇ ಇದೆಯೇ ಎಂಬುದೂ ಮುಖ್ಯ. ಗೋಡೆ ತೆಳುವಾಗಿದೆ ಅಥವಾ ತಟ್ಟಿದಾಗ ಟೊಳ್ಳು ಶಬ್ದ ಬರುತ್ತದೆ ಎಂಬ ಕಾರಣಕ್ಕೆ ಅದು ಭಾರ ಹೊರುವುದಿಲ್ಲವೆಂದು ತೀರ್ಮಾನಿಸತಕ್ಕದ್ದಲ್ಲ.

2. ಭಾರವಿಲ್ಲದ ಗೋಡೆಯೂ ಆಸರೆಯಾಗಿರಬಹುದು

ಚಾವಣಿಯ ಭಾರ ಹೊರದ ಅಡ್ಡಗೋಡೆಯು ಉದ್ದವಾದ ಗೋಡೆಯೊಂದನ್ನು ಪಕ್ಕಕ್ಕೆ ವಾಲದಂತೆ ಹಿಡಿದಿರುತ್ತದೆ. ಹಳೆಯ ಮನೆಗಳಲ್ಲಿ ಗೋಡೆಗಳನ್ನು ಸುತ್ತ ಬಿಗಿಯುವ ಕಾಂಕ್ರೀಟ್ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಇಂತಹ ಅಡ್ಡಗೋಡೆಯನ್ನು ತೆಗೆದಲ್ಲಿ ಉಳಿದ ಗೋಡೆ ದುರ್ಬಲಗೊಳ್ಳುತ್ತದೆ. ಗೋಡೆಗಳು ಸೇರುವ ಮೂಲೆಗೆ ತಾಗಿದಂತೆ ದ್ವಾರ ತೆರೆಯುವುದೂ ಇದೇ ಕಾರಣದಿಂದ ಅಪಾಯಕರ.

3. ಪರವಾನಗಿ

ಒಳಬಾಗಿಲು ತೆರೆಯುವುದು, ಸುಣ್ಣಬಣ್ಣ, ಗಿಲಾವು, ನೆಲಹಾಸು ಮುಂತಾದ ಕೆಲಸಗಳಿಗೆ ಪರವಾನಗಿ ಬೇಡವೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ, 2016 ಮಾದರಿ ನಿಯಮದಲ್ಲಿ ತಿಳಿಸಿದೆ. ಆದರೆ ಕಟ್ಟಡದ ಭದ್ರತೆಗೆ ಧಕ್ಕೆಯಾಗಬಾರದೆಂಬುದು ಈ ವಿನಾಯಿತಿಯ ಷರತ್ತು. ಭಾರ ಹೊರುವ ಗೋಡೆಯನ್ನು ತೆಗೆಯುವ ಕೆಲಸವನ್ನು ಸಣ್ಣ ದುರಸ್ತಿಯೆಂದು ಭಾವಿಸಬಾರದು. ಕೆಲಸ ಆರಂಭಿಸುವ ಮುನ್ನ ತಮ್ಮ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯ ಕಟ್ಟಡ ಉಪವಿಧಿಗಳನ್ನು ವಿಚಾರಿಸಿಕೊಳ್ಳಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿನ ಮನೆಗಳ ದುರಸ್ತಿ ಮತ್ತು ನವೀಕರಣಕ್ಕೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ.

4. ಅರ್ಜಿಗೆ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದವು

ಅ) ಮನೆಯ ಈಗಿನ ನಕ್ಷೆ ಮತ್ತು ಉದ್ದೇಶಿತ ಬದಲಾವಣೆಯ ನಕ್ಷೆ. ಜಂತೆ ಅಥವಾ ಚಪ್ಪಡಿಗಳ ದಿಕ್ಕನ್ನು ಗುರುತಿಸಿರಬೇಕು.
ಆ) ಕಟ್ಟಡ ರಚನಾ ಎಂಜಿನಿಯರರು ಸ್ಥಳ ಪರಿಶೀಲಿಸಿ ನೀಡಿದ ವರದಿ.
ಇ) ಸ್ವತ್ತಿನ ಹಕ್ಕುಪತ್ರ ಹಾಗೂ ತೆರಿಗೆ ರಸೀದಿ.
ಈ) ನೆರೆಮನೆಯೊಂದಿಗೆ ಹಂಚಿಕೊಂಡ ಗೋಡೆಗೆ ಸಂಬಂಧಿಸಿದಲ್ಲಿ ಅವರ ಲಿಖಿತ ಒಪ್ಪಿಗೆ.

5. ಕಾಮಗಾರಿಯ ವೇಳೆ

ಗೋಡೆಯನ್ನು ಮುಟ್ಟುವ ಮುನ್ನ ಅದರ ಎರಡೂ ಬದಿಗಳಲ್ಲಿ ಚಾವಣಿಗೆ ಆಸರೆ ಕಂಬಗಳನ್ನು ಕೊಡಬೇಕು. ಮಹಡಿಯಲ್ಲಿ ಕೆಲಸವಿದ್ದರೆ ಕೆಳಗಿನ ಅಂತಸ್ತಿನಲ್ಲೂ ಅದೇ ನೇರದಲ್ಲಿ ಆಸರೆ ಇರಬೇಕು. ಗೋಡೆಯನ್ನು ಒಮ್ಮೆಗೆ ಕೆಡವದೆ ಎಂಜಿನಿಯರರು ಸೂಚಿಸಿದಂತೆ ಹಂತ ಹಂತವಾಗಿ ಬಿಡಿಸಿ, ಉಕ್ಕಿನ ಅಥವಾ ಕಾಂಕ್ರೀಟ್ ತೊಲೆಯನ್ನು ಕೂರಿಸಬೇಕು. ತೊಲೆಯ ತುದಿಗಳಲ್ಲಿ ಭಾರವು ಒಂದೇ ಕಡೆ ಬೀಳುವುದರಿಂದ ಅಲ್ಲಿ ಕಲ್ಲು ಅಥವಾ ಕಾಂಕ್ರೀಟ್ ದಿಮ್ಮಿಯನ್ನು ಇಡುವುದು ಅವಶ್ಯ. ಸ್ಥಳದಲ್ಲೇ ಹಾಕಿದ, 6 ಮೀಟರ್‌ವರೆಗಿನ ಕಾಂಕ್ರೀಟ್ ತೊಲೆಯ ಆಸರೆಗಳನ್ನು ಸಾಧಾರಣ ಸಿಮೆಂಟ್ ಬಳಸಿದ್ದಲ್ಲಿ ಕನಿಷ್ಠ 14 ದಿನ ತೆಗೆಯಬಾರದೆಂದು ಭಾರತೀಯ ಮಾನಕ ಐಎಸ್ 456:2000 ಸೂಚಿಸುತ್ತದೆ.

6. ಅಪಾಯದ ಸೂಚನೆಗಳು

ಹೊಸ ಬಿರುಕು, ಚಾವಣಿಯಿಂದ ಗಾರೆ ಉದುರುವುದು, ಸರಾಗವಾಗಿದ್ದ ಬಾಗಿಲು ಬಿಗಿಯಾಗುವುದು, ಜಂತೆಗಳಿಂದ ಶಬ್ದ ಬರುವುದು ಕಂಡುಬಂದಲ್ಲಿ ಕೆಲಸವನ್ನು ತಕ್ಷಣ ನಿಲ್ಲಿಸಿ, ಮನೆಯವರು ಮತ್ತು ಕೆಲಸಗಾರರೆಲ್ಲರೂ ಹೊರಗೆ ಬರಬೇಕು. ಎಂಜಿನಿಯರರು ಪರಿಶೀಲಿಸುವವರೆಗೆ ಒಳಗೆ ಹೋಗಬಾರದು.

ಗುತ್ತಿಗೆದಾರರ ಅಥವಾ ಮೇಸ್ತ್ರಿಯ ಬಾಯಿಮಾತಿನ ಭರವಸೆಯು ಎಂಜಿನಿಯರರ ವರದಿಗೆ ಪರ್ಯಾಯವಲ್ಲ. ಕೆಡವಿದ ಗೋಡೆಯನ್ನು ಮತ್ತೆ ಕಟ್ಟಿದರೂ ಅದು ಮೊದಲಿನಂತೆ ಚಾವಣಿಯ ಭಾರವನ್ನು ತಾನಾಗಿ ಹೊರುವುದಿಲ್ಲ. ಆದ್ದರಿಂದ ಪರಿಶೀಲನೆಯು ಮೊದಲ ಇಟ್ಟಿಗೆ ತೆಗೆಯುವ ಮುನ್ನವೇ ಆಗತಕ್ಕದ್ದು.