ಬಿಸಿಲೇರುವ ಮೊದಲೇ ಹಾರಿಬಿಡಬೇಕು!

ಲೇಹ್‌ನಲ್ಲಿ ಬಿಸಿಲೇರಿದಂತೆಲ್ಲ, ರಜೆಗೆಂದು ಊರಿಗೆ ಹೊರಟ ಜವಾನರಲ್ಲಿ ಕೆಲವರು ವಿಮಾನ ಹತ್ತದೆ ಉಳಿಯಬೇಕಾಗುತ್ತಿತ್ತಂತೆ! ವಿಮಾನ ಕೆಟ್ಟಿಲ್ಲ, ಒಳಗೆ ಜಾಗವೂ ಇದೆ. ಕಡಿಮೆ ಬಿದ್ದದ್ದು ಗಾಳಿ! ವಾಯುಪಡೆಯ ಎಎನ್-32 ಸರಕು ವಿಮಾನ ಹಾರಿಸಿ ನಿವೃತ್ತರಾಗಿ ಈಗ ಯಲಹಂಕದಲ್ಲಿರುವ ಹಿರಿಯರೊಬ್ಬರು ಇದನ್ನು ಹೇಳಿದಾಗ ನಾನು ಕಣ್ಣರಳಿಸಿ ಕೂತುಬಿಟ್ಟೆ. ಗಾಳಿಯೂ ಅಕ್ಕಿ, ಸೀಮೆಎಣ್ಣೆಯ ಹಾಗೆ ಲೆಕ್ಕವಿಟ್ಟು ಖರ್ಚು ಮಾಡುವ ದಾಸ್ತಾನು ಎಂದು ಯಾರಿಗೆ ಹೊಳೆದೀತು?

ಲೇಹ್ ನಿಲ್ದಾಣ ಇರುವುದೇ 10,600 ಅಡಿಗೂ ಮೇಲೆ. ಮೊದಲೇ ತೆಳುವಾದ ಗಾಳಿ ಬಿಸಿಲಿಗೆ ಹಿಗ್ಗಿ ಇನ್ನೂ ತೆಳುವಾಗುತ್ತದೆ. ರೆಕ್ಕೆಗೆ ಆಸರೆ ಸಾಲದು, ಎಂಜಿನ್ನಿಗೆ ಉಸಿರು ಸಾಲದು. ಮಧ್ಯಾಹ್ನವಾದರೆ ಕಣಿವೆಯ ಗಾಳಿಯ ಹುಚ್ಚಾಟ ಬೇರೆ. ಅದಕ್ಕೇ ಚಂಡೀಗಢದಿಂದ ನಸುಕಿನಲ್ಲೇ ಹೊರಡುವುದು. ರನ್‌ವೇಯ ಒಂದು ತುದಿಗೆ ಬೆಟ್ಟ ಅಡ್ಡ. ಇಳಿಯುವುದು ಏರುದಾರಿಯಲ್ಲಿ, ಹಾರುವುದು ವಾಪಸ್ ಇಳಿಜಾರಿನಲ್ಲಿ!

ಇನ್ನೊಂದು ವಿಸ್ಮಯ ಕೇಳಿ. ವೇಗದ ಮುಳ್ಳು ನೂರು ತೋರಿಸುವಾಗ ಆ ಎತ್ತರದಲ್ಲಿ ವಿಮಾನ ನಿಜಕ್ಕೂ ನೂರಿಪ್ಪತ್ತರ ಸುಮಾರಿನಲ್ಲಿ ಓಡುತ್ತಿರುತ್ತದೆ. ಮುಳ್ಳು ಅಳೆಯುವುದು ಎದುರು ಬಡಿಯುವ ಗಾಳಿಯ ಒತ್ತಡವನ್ನು. ರೆಕ್ಕೆಗೆ ಬೇಕಾದದ್ದೂ ಅದೇ. ಕಣ್ಣಿಗೆ ಮಾತ್ರ ನೆಲ ಹುಚ್ಚೆದ್ದು ನುಗ್ಗಿಬರುತ್ತದೆ! ಹೆದರಿ ವೇಗ ತಗ್ಗಿಸಿದರೆ ವಿಮಾನ ಬಿತ್ತೆಂದೇ ಲೆಕ್ಕ. ಕಣ್ಣನ್ನು ನಂಬಬಾರದು, ಮುಳ್ಳನ್ನು ನಂಬಬೇಕು. ಇದನ್ನು ಕಲಿಯಲು ಎಂಥ ಗುಂಡಿಗೆ ಬೇಕು!

ಆದರೆ ಅವರ ಮುಖ ನಿಜಕ್ಕೂ ಬೆಳಗಿದ್ದು ಹಿಮದ ಮೇಲೆ ಸರಕು ಉದುರಿಸುವ ಮಾತು ಬಂದಾಗ. ಹಿಂಬಾಗಿಲು ತೆರೆಯುತ್ತದೆ, ಕೊರೆಯುವ ಚಳಿ ಒಳನುಗ್ಗುತ್ತದೆ, ಪ್ಯಾರಾಚೂಟ್ ಕಟ್ಟಿದ ಮೂಟೆಗಳು ಹಿಂದಕ್ಕೆ ಜಾರತೊಡಗುತ್ತವೆ. ಭಾರವೆಲ್ಲ ಬಾಲಕ್ಕೆ ಸರಿದಂತೆ ಮೂತಿ ಆಕಾಶಕ್ಕೇಳುತ್ತದೆ. ಚುಕ್ಕಾಣಿಯನ್ನು ಎರಡೂ ಕೈಯಿಂದ ಮುಂದಕ್ಕೆ ಅದುಮಿ ಹಿಡಿಯಬೇಕು. ಕೊನೆಯ ಮೂಟೆ ಹೊರಬಿದ್ದದ್ದೇ ತಡ, ಹಗುರಾದ ವಿಮಾನ ಛಂಗನೆ ಮೇಲಕ್ಕೆ! ಹೇಳುತ್ತ ಹೇಳುತ್ತ ಅವರ ಅಂಗೈಗಳು ತಾವಾಗಿ ಮುಂದಕ್ಕೆ ಒತ್ತುತ್ತಿದ್ದವು.

ಅವರ ವಿಮಾನದ ಆಕಾರದಲ್ಲೇ ಈ ಪರ್ವತಗಳಿವೆ. 1984ರಲ್ಲಿ ನಮ್ಮ ವಾಯುಪಡೆ ಸೇರಿದ ಎಎನ್-32ರ ಎಂಜಿನ್ನುಗಳು ರೆಕ್ಕೆಯ ಮೇಲೆ ಎತ್ತರದಲ್ಲಿ ಕೂತಿವೆ, ದೊಡ್ಡ ಪ್ರೊಪೆಲರ್‌ಗಳಿಗೆ ಜಾಗವಾಗಲೆಂದು. ತೆಳುಗಾಳಿಯನ್ನು ಬಾಚಿಕೊಳ್ಳಲು ಅಷ್ಟು ದೊಡ್ಡವೇ ಬೇಕು.

ಹಾಗಾದರೆ ಇಂಥ ವಿಮಾನಗಳೇ ಇಲ್ಲದ ಕಾಲದಲ್ಲಿ? 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾವೊಂದನ್ನು ಲೇಹ್‌ನಲ್ಲಿ ಇಳಿಸಿಯೇಬಿಟ್ಟರು! ಎಂಜಿನಿಯರ್ ಸೋನಂ ನೊರ್ಬು ಊರವರನ್ನು ಕೂಡಿಸಿ ಸಿದ್ಧಪಡಿಸಿದ ಮಣ್ಣಿನ ಪಟ್ಟಿ ಅದು. ಆ ವಿಮಾನದಲ್ಲಿ ಜೊತೆಗಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಚೀನಾ ಯುದ್ಧ ನಡೆದ 1962ರ ಅಕ್ಟೋಬರ್‌ನಲ್ಲಿ, ಲಡಾಖ್‌ನಲ್ಲೇ ಇನ್ನೂ ಎತ್ತರದ ಚುಶೂಲ್‌ಗೆ ಎಎನ್-12 ವಿಮಾನಗಳು ಹೊತ್ತೊಯ್ದದ್ದು ಏನನ್ನು ಗೊತ್ತೇ? ಎಎಂಎಕ್ಸ್-13 ಟ್ಯಾಂಕುಗಳನ್ನು!

ಇವೆಲ್ಲಕ್ಕೂ ಮೇಲೆ, ಲಡಾಖ್‌ನ ದೌಲತ್ ಬೇಗ್ ಓಲ್ಡಿ ಎಂಬ ಇಳಿದಾಣ. 16,600 ಅಡಿ. ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ 60ರಷ್ಟೇ. 43 ವರ್ಷ ಸುಮ್ಮನೆ ಬಿದ್ದಿದ್ದ ಅಲ್ಲಿನ ಮಣ್ಣಿನ ಪಟ್ಟಿಯ ಮೇಲೆ 2008ರ ಮೇ 31ರಂದು ಎಎನ್-32 ಒಂದು ಇಳಿಯಿತು. ಇಳಿದದ್ದಷ್ಟೇ ಅಲ್ಲ, ಆ ತೆಳುಗಾಳಿಯಿಂದಲೇ ಮತ್ತೆ ಮೇಲೆದ್ದು ಹೊರಟಿತು!