ಸರಪಳಿಯಲ್ಲಿ ಸಿಕ್ಕ ಲೆಡ್ಜರು

ನಮ್ಮ ಬಿಳಿಗೆರೆ ಕಡೆ ರಾತ್ರಿಯೆಲ್ಲ ಪೌರಾಣಿಕ ನಾಟಕ ನೋಡಿ ಬೆಳೆದವರಿಗೆ ರಾಕ್ಷಸ ಹೇಗೆ ಬರುತ್ತಾನೆಂದು ಗೊತ್ತು. ಪಂಜಿಗೆ ರಾಳದ ಪುಡಿ ಎರಚಿದರೆ ಭಗ್ಗೆಂದು ಬೆಂಕಿ ಏಳುತ್ತದೆ, ಮುಂದೆ ಚಾಪೆ ಹಾಸಿ ಕೂತ ಮಕ್ಕಳು ಅಜ್ಜಿಯ ಸೆರಗಿನೊಳಗೆ ಸೇರುತ್ತಾರೆ. ಆದರೆ ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳ ಜೊತೆ ಮೈಸೂರಿಗೆ ಹೋಗಿ ಶಾಲಾ ಮಕ್ಕಳ ನಾಟಕವೊಂದರಲ್ಲಿ ನೋಡಿದ ಭೂತ ಬೇರೆ ಥರದ್ದು. ಬೆಂಕಿ ಇಲ್ಲ, ಕೋರೆಹಲ್ಲು ಇಲ್ಲ. ಪರದೆಯ ಹಿಂದೆ ಸರಪಳಿ ಎಳೆಯುವ ಸದ್ದು, ಅಷ್ಟೇ.

ನಾಟಕದ ಮೂಲ ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’. ಪುಸ್ತಕ ಬಂದದ್ದು 1843ರ ಡಿಸೆಂಬರ್ 19ರಂದು. 1844ರ ಫೆಬ್ರವರಿಯಲ್ಲೇ ಲಂಡನ್ನಿನ ರಂಗಮಂದಿರಗಳು ಅದನ್ನು ನಾಟಕ ಮಾಡಿ ಆಡಿದವು. ಸ್ಕ್ರೂಜ್ ಎಂಬ ಮಹಾ ಜಿಪುಣ ಲೇವಾದೇವಿಗಾರ. ಕ್ರಿಸ್‌ಮಸ್ ಹಿಂದಿನ ರಾತ್ರಿ, ಏಳು ವರ್ಷದ ಕೆಳಗೆ ಸತ್ತ ಪಾಲುದಾರ ಮಾರ್ಲಿ ಭೂತವಾಗಿ ಬರುತ್ತಾನೆ. ಅವನ ಹಿಂದೆಯೇ ಇನ್ನೂ ಮೂರು ಭೂತಗಳು. ಅವು ಸ್ಕ್ರೂಜನಿಗೆ ಅವನದೇ ಹಿಂದಿನದು, ಇಂದಿನದು, ಮುಂದಿನದು ತೋರಿಸುತ್ತವೆ. ಬೆಳಗಾಗುವಷ್ಟರಲ್ಲಿ ಅವನು ಬೇರೆಯೇ ಮನುಷ್ಯ.

ಮಾರ್ಲಿಯ ಪಾತ್ರದ ಹುಡುಗ ತಲೆಯಿಂದ ಗಲ್ಲದವರೆಗೆ ಬಿಳಿ ಬಟ್ಟೆ ಬಿಗಿದುಕೊಂಡಿದ್ದ. ಹಲ್ಲುನೋವೇನೋ ಎಂದು ಮಕ್ಕಳು ನಕ್ಕರು. ದೊಡ್ಡವರು ನಗಲಿಲ್ಲ. ಸತ್ತವರ ಬಾಯಿ ತೆರೆಯದಿರಲೆಂದು ನಮ್ಮಲ್ಲೂ ಹಾಗೇ ಕಟ್ಟುತ್ತೇವಲ್ಲ. ಡಿಕನ್ಸ್ ಬರೆದದ್ದೂ ಹಾಗೆಯೇ.

ಇನ್ನು ಆ ಸರಪಳಿ. ಅದಕ್ಕೆ ಹಣದ ಪೆಟ್ಟಿಗೆ, ಬೀಗ, ಬೀಗದಕೈ, ಲೆಡ್ಜರು, ಪತ್ರಗಳು ಜೋತುಬಿದ್ದಿದ್ದವು. ಬದುಕಿದ್ದಾಗ ತಾನೇ ಕೊಂಡಿಗೆ ಕೊಂಡಿ ಸೇರಿಸಿ ಮಾಡಿಕೊಂಡದ್ದೆಂದು ಮಾರ್ಲಿ ಹೇಳುತ್ತಾನೆ. ಮೊಮ್ಮಗಳು ನನ್ನ ಕಿವಿಯಲ್ಲಿ, “ತಾತ, ಇವೆಲ್ಲಾ ನಿಮ್ಮ ಬ್ಯಾಂಕಲ್ಲೂ ಇದ್ವಲ್ವಾ?” ಎಂದಳು. ಇದ್ವು ಕಣಮ್ಮ ಎಂದೆ. ರಟ್ಟಿನ ಲೆಡ್ಜರಿಗೆ ಕೆಂಪು ಅಂಚು ಕೂಡ ಹಚ್ಚಿದ್ದರು, ಪರವಾಗಿಲ್ಲ.

ನಾನು ಹೆಚ್ಚು ನೋಡಿದ್ದು ಗುಮಾಸ್ತ ಬಾಬ್ ಕ್ರಾಚಿಟ್‌ನನ್ನು. ವಾರಕ್ಕೆ ಹದಿನೈದು ಷಿಲಿಂಗ್ ಸಂಬಳ, ಅಂದರೆ ಮುಕ್ಕಾಲು ಪೌಂಡು. ಕಲ್ಲಿದ್ದಲ ಪೆಟ್ಟಿಗೆ ಯಜಮಾನನ ಕೋಣೆಯಲ್ಲಿ; ಚಳಿಯಾದರೆ ಮೇಣದಬತ್ತಿಗೆ ಕೈ ಕಾಯಿಸಿಕೊಳ್ಳಬೇಕು. ಬಡತನದ ಇಂಥ ಸಣ್ಣ ವಿವರ ಡಿಕನ್ಸ್‌ಗೆ ಎಲ್ಲಿಂದ ಸಿಕ್ಕಿತು? 1824ರಲ್ಲಿ ಅವನ ತಂದೆ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಜೈಲು ಸೇರಿದರು. ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಷ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದ. ಮಕ್ಕಳೇ, ಅದು ನಿಮ್ಮ ಏಳನೇ ಕ್ಲಾಸಿನ ವಯಸ್ಸು.

ಮಕ್ಕಳ ಅಭಿನಯ ಚೆನ್ನಾಗಿತ್ತು. ಊರುಗೋಲಿನ ಪುಟ್ಟ ಟಿಮ್ ಬಂದಾಗ ನನ್ನ ಪಕ್ಕದ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಡುಗಳು ಮಾತ್ರ ಸ್ವಲ್ಪ ಹೆಚ್ಚಾದವು. ಅವುಗಳಲ್ಲಿ ಒಂದನ್ನು ಕೈಬಿಟ್ಟು ಪುಸ್ತಕದಲ್ಲಿರುವ ಒಂದು ಚಿಕ್ಕ ದೃಶ್ಯ ಸೇರಿಸಿದ್ದರೆ ಎನಿಸಿತು.

ಮುಂದಿನ ಕಾಲದ ಭೂತವನ್ನು ಸ್ಕ್ರೂಜ್ ಕೇಳುತ್ತಾನೆ: ಸತ್ತುಹೋದ ಈ ಮನುಷ್ಯನ ವಿಷಯದಲ್ಲಿ ಯಾರಿಗಾದರೂ ಮನಸ್ಸು ಕಲಕಿದೆಯೇ, ತೋರಿಸು. ಭೂತ ಒಂದು ಬಡವರ ಮನೆ ತೋರಿಸುತ್ತದೆ. ಗಂಡ ಒಂದು ವಾರದ ವಾಯಿದೆ ಕೇಳಲು ಹೋಗಿದ್ದವನು, ಸಾಲ ಕೊಟ್ಟವನೇ ತೀರಿಹೋದನೆಂಬ ಸುದ್ದಿ ತಂದಿದ್ದಾನೆ. ಸಾಲವೇನೂ ಮನ್ನಾ ಆಗಿಲ್ಲ, ಬೇರೆಯವರ ಕೈಗೆ ಹೋಗುತ್ತದೆ. ಆದರೆ ಇಷ್ಟು ಕಲ್ಲೆದೆಯವನು ಇನ್ನೊಬ್ಬ ಸಿಗಲಾರ, ಅಷ್ಟರಲ್ಲಿ ದುಡ್ಡೂ ಹೊಂದೀತು ಎಂದು ಲೆಕ್ಕ ಹಾಕುತ್ತಾರೆ. ಸಾಲ ವಸೂಲಿಗೆಂದು ಹಳ್ಳಿ ತಿರುಗಿದ ನನ್ನಂಥವನಿಗೆ ಆ ಮನೆಯ ಬಾಗಿಲು ಹೊಸದಲ್ಲ. ವಾಯಿದೆ ಕೇಳುವ ಗಂಡಸು, ಒಳಗಿನಿಂದ ಕೇಳಿಸಿಕೊಳ್ಳುವ ಹೆಂಗಸು. ಆ ಹೆಂಗಸು ಸುದ್ದಿ ಕೇಳಿ ಸಂತೋಷದಿಂದ ಕೈಮುಗಿಯುತ್ತಾಳೆ. ಮರುಗಳಿಗೆಯೇ, ಸಾವಿಗೆ ಸಂತೋಷಪಟ್ಟೆನಲ್ಲ ಎಂದು ನೊಂದು ದೇವರಲ್ಲಿ ಕ್ಷಮೆ ಕೇಳುತ್ತಾಳೆ.